‘ನಿದ್ರಾ ಒತ್ತಡ’ಕ್ಕೆ ಬೇರೆ ಪದ ಬೇಕಾಗಿದೆ

ಗೆಳೆಯರೇ,

ನಿದ್ದೆಯ ಬಗ್ಗೆ ಒಂದು ಸಣ್ಣ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಲೀಪ್ ಪ್ರೆಷರ್ ಅಂತ ಬಂದ ಕಡೆಯೆಲ್ಲ ‘ನಿದ್ರಾ ಒತ್ತಡ’ ಎಂದು ಬರೆದಿದ್ದೆ. ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಕಾಕು ಓದಿ, “ಅಂದ್ರ ಟೆನ್ಷನ್ನಿಗೆ ನಿದ್ದಿ ಬರದಂಗ ಆಗೋದು, ಹೌದಿಲ್ಲೋ?” ಎಂದರು. ಪೂರ್ತಿ ಉಲ್ಟಾ!

ಹೇಳಬೇಕಾದದ್ದು ಇಷ್ಟು. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ಜಾಸ್ತಿಯಾದಷ್ಟೂ ನಿದ್ದೆ ಬೇಕೆನಿಸುತ್ತದೆ. ಮಲಗಿದ ಮೇಲೆ ಕಡಿಮೆಯಾಗುತ್ತದೆ. ಚಹಾದ ಕೆಫೀನ್ ಅದನ್ನು ತೆಗೆದುಹಾಕುವುದಿಲ್ಲ. ಅಡೆನೊಸಿನ್ ಬಂದು ಕೂರಬೇಕಾದ ಜಾಗದಲ್ಲಿ ಸುಮ್ನೆ ತಾನು ಕೂತುಬಿಡುತ್ತದೆ.

ನನಗೆ ಮೊದಲು ಹೊಳೆದದ್ದು ‘ನಿದ್ದೆಯ ಎಳೆತ’. ನಮ್ಮೂರು ಹಾವೇರಿ ಕಡೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದು ರಾತ್ರಿಯಿಡೀ ಚೀಲ ಕಾಯುತ್ತಿದ್ದ ನಮ್ಮ ಕಾಕಾ “ಕಣ್ಣ ಎಳ್ಯಾಕ ಹತ್ಯಾವ” ಅನ್ನುತ್ತಿದ್ದರು. ಎಂಥ ಚಂದದ ಮಾತು ಅಲ್ವಾ? ಆದರೆ ಅದೇ ಕಾಕಾ ಮರುದಿನ ಹೇಳುತ್ತಿದ್ದದ್ದು: “ನಸುಕಿನ್ಯಾಗ ಭಾಳ ಎಳೀತು, ಹೊತ್ತ ಏರಿದ ಮ್ಯಾಲ ನಿದ್ದಿ ಹಾರಿ ಹೋತು.”

ತೊಡಕು ಇಲ್ಲೇ ಇದೆ. ಕಾಕಾ ಮಲಗಿಯೇ ಇಲ್ಲ. ಅಡೆನೊಸಿನ್ ಕಡಿಮೆ ಆಗಿಲ್ಲ, ಇನ್ನೂ ಏರಿದೆ. ಮತ್ತೆ ನಿದ್ದೆ ಹಾರಿದ್ದು ಹೇಗೆ? ಕಣ್ಣಿನಿಂದ ಬರುವ ಎರಡು ನರಗಳು ಅಡ್ಡಹಾಯುವ ಜಾಗದ ಮೇಲೆ, ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ, ಸುಮಾರು 20,000 ನರಕೋಶಗಳ ಒಂದು ಗಡಿಯಾರವಿದೆ. ಹಗಲಿನ ಬೆಳಕು ನೋಡಿ ಅದು ತನ್ನ ಹೊತ್ತು ಸರಿ ಮಾಡಿಕೊಳ್ಳುತ್ತದೆ. ನಿದ್ದೆ ಆಗಿರಲಿ ಬಿಡಲಿ, ಬೆಳಗಾದರೆ ಎಚ್ಚರದ ಕಡೆ ತಳ್ಳುತ್ತದೆ. ಕೂಡಿಬಿದ್ದದ್ದು ಮತ್ತು ಗಡಿಯಾರ, ಇವೆರಡೂ ಸೇರಿಯೇ ನಿದ್ದೆಯ ಲೆಕ್ಕ ಎಂದು 1982ರಲ್ಲಿ ನಿದ್ದೆಯ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ ಬರೆದರು.

ಹಾಗಾಗಿ ‘ಎಳೆತ’ ಎಂದರೆ ನಮಗೆ ಅನಿಸುವುದು. ಅದು ಏರುತ್ತದೆ, ಇಳಿಯುತ್ತದೆ. ಒಳಗೆ ಕೂಡಿಬಿದ್ದದ್ದಕ್ಕೆ ಬೇರೆ ಪದ ಬೇಕು. ನನ್ನ ಮಗಳು ‘ನಿದ್ದೆಯ ಹಸಿವು’ ಎಂದಳು. ಹೊತ್ತು ಮೀರಿದರೆ ಹಸಿವೂ ಸಾಯುತ್ತದೆ, ಹಾಗಾಗಿ ಅದಕ್ಕೂ ಇದೇ ದೋಷ. ಚಹಾ ಕುಡಿದರೆ ಹಸಿವು ಸಾಯುತ್ತದೆ, ಹೊಟ್ಟೆ ತುಂಬುವುದಿಲ್ಲ ಎಂಬ ಹೋಲಿಕೆಯನ್ನು ಮಾತ್ರ ಕರಪತ್ರಕ್ಕೆ ಕದ್ದಿದ್ದೇನೆ. ‘ನಿದ್ದೆಸಾಲ’ ಬೇಡ. ದಿನಗಟ್ಟಲೆ ನಿದ್ದೆಗೆಟ್ಟದ್ದಕ್ಕೆ ಅದನ್ನು ಇಟ್ಟುಕೊಳ್ಳಬೇಕು. ಜೊಂಪು, ಮಂಪರು ಅಂತೂ ಬೇರೆಯೇ.

ಸದ್ಯಕ್ಕೆ ನನ್ನ ಒಲವು ‘ನಿದ್ದೆಬಾಕಿ’ ಕಡೆಗೆ. ಎದ್ದಾಗಿನಿಂದ ಬಾಕಿ ಏರುತ್ತದೆ, ರಾತ್ರಿ ಮಲಗಿದರೆ ಚುಕ್ತಾ. ಆದರೆ ದಿನಾ ಚೆನ್ನಾಗಿ ಮಲಗುವವರಿಗೂ ಸಂಜೆ ಹೊತ್ತಿಗೆ ಬಾಕಿ ಇದೆ ಅಂದರೆ ಏನೋ ತಪ್ಪು ಮಾಡಿದ ಹಾಗೆ ಕೇಳಿಸುತ್ತದಾ? ಗದಗ, ಹುಬ್ಬಳ್ಳಿ ಕಡೆ ಮನೆಯಲ್ಲಿ ಹಿರಿಯರಿದ್ದವರು ದಯವಿಟ್ಟು ಕೇಳಿ ಹೇಳಿ. ಕಾಕುಗೆ ನಾನು ನಾಳೆ ಓದಿಸುತ್ತೇನೆ.