ತಂಗಿ ಬಾಕ್ಸಿಂಗ್‌ನಲ್ಲೇ ಮುಂದುವರಿಯಬೇಕು ಅಂತಾಳೆ, ಅನುಭವ ಇದ್ದವರು ಹೇಳಿ

ತಂಗಿಗೆ 17. ಯೂತ್ ವಿಭಾಗದಲ್ಲಿ 57 ಕೆಜಿ ತೂಕದ ವರ್ಗಕ್ಕೆ ಆಡ್ತಾಳೆ. 54ಕ್ಕೆ ಇಳಿದರೆ ಎದುರಾಳಿಗಳಿಗಿಂತ ಎತ್ತರ ಇರ್ತಾಳೆ, ಇಳಿಸಿ ಅಂತಾರೆ ಕೋಚ್. ಊಟ ಕಮ್ಮಿ ಮಾಡಿದ್ದಾಳೆ, ಮುಖ ಬಾಡಿದೆ. ಅಮ್ಮನಿಗೆ ಭಯ. ರಿಂಗ್‌ನಲ್ಲಿ ಇದ್ದವರು, ಮಗಳನ್ನು ಕಳಿಸಿದವರು ಏನಂತೀರಿ?

ಹಿಂದೆ ಆಡುತ್ತಿದ್ದವಳು:
ಇಳಿಸಬೇಡಿ. ಅಮೆಚೂರ್ ಟೂರ್ನಿಯಲ್ಲಿ ಒಂದು ಸಲ ತೂಕ ಕೊಟ್ಟರೆ ಮುಗಿಯೋದಿಲ್ಲ, ಬೌಟ್ (ಪಂದ್ಯ) ಇರೋ ಪ್ರತಿ ದಿನ ಬೆಳಿಗ್ಗೆ ಮತ್ತೆ ತೂಕ ನೋಡ್ತಾರೆ. ಫೈನಲ್‌ವರೆಗೆ ಹೋದರೆ ಅಷ್ಟೂ ದಿನ ಅರೆಹೊಟ್ಟೆ. ರಾತ್ರಿ ಬೆವರಿಳಿಸೋಕೆ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಸ್ಕಿಪ್ಪಿಂಗ್, ನೀರು ಬಾಯಿಗೆ ಹಾಕಿ ಉಗಿಯೋದು, ಎಲ್ಲ ಮಾಡಿದ್ದೇನೆ. ಮೊದಲ ರೌಂಡ್ ಹೇಗೋ ಸಾಗುತ್ತೆ. ಮೂರನೇ ರೌಂಡ್‌ಗೆ ಎಡಗೈ ಗಲ್ಲದ ಹತ್ತಿರ ನಿಲ್ಲೋದೇ ಇಲ್ಲ. ಎದುರಾಳಿಯ ಬಲಗೈ ಬರೋದು ಕಾಣುತ್ತೆ, ತಲೆ ಮಾತ್ರ ಸರಿಯೋದಿಲ್ಲ. ಮೊದಲು ಹೆಂಗಸರಿಗೆ ಎರಡು ನಿಮಿಷದ ನಾಲ್ಕು ರೌಂಡ್ ಇತ್ತು, ಈಗ ಗಂಡಸರ ಹಾಗೇ ಮೂರು ನಿಮಿಷದ ಮೂರು.

ಇನ್ನೊಂದು, ಮುಟ್ಟು ಸರಿಯಾಗಿ ಆಗ್ತಿದೆಯಾ ಅಂತ ಅಕ್ಕನಾಗಿ ನೀವೇ ಕೇಳಿ. ಊಟ ಸಾಲದೆ ಮುಟ್ಟು ನಿಂತರೆ ಮೂಳೆಯ ಬಲವೂ ಕುಗ್ಗುತ್ತೆ, ಓಡಿ ಓಡಿ ಕಾಲಿನ ಮೂಳೆ ಬಿರುಕು ಬಿಡಬಹುದು. ಇದನ್ನು ಎಷ್ಟೋ ಹುಡುಗಿಯರು ಗಂಡಸು ಕೋಚ್ ಹತ್ತಿರ ಬಾಯಿಬಿಡೋದಿಲ್ಲ. ನಿಂತಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಮೇಲಿನ ವರ್ಗಕ್ಕೆ ಏರಿ ಗೆದ್ದವರೂ ಇದ್ದಾರೆ ಅಂತ ಕೋಚ್‌ಗೆ ಹೇಳಿ. ಮೇರಿ ಕೋಮ್ 2010ರಲ್ಲಿ 48 ಕೆಜಿಯ ವಿಶ್ವ ಚಾಂಪಿಯನ್. ಹೆಂಗಸರ ಬಾಕ್ಸಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದ 2012ರಲ್ಲಿ 51ಕ್ಕಿಂತ ಕೆಳಗಿನ ವರ್ಗವೇ ಇರಲಿಲ್ಲ. ಅಲ್ಲಿಗೇ ಏರಿ ಕಂಚು ಗೆದ್ದರು. ಲವ್ಲಿನಾ ಬೊರ್ಗೊಹೈನ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 69ಕ್ಕೆ ಕಂಚು ಗೆದ್ದವರು, 2023ರಲ್ಲಿ 75ಕ್ಕೆ ವಿಶ್ವ ಚಾಂಪಿಯನ್ ಆದರು. 17ರ ಹುಡುಗಿ ಇನ್ನೂ ಬೆಳೀತಾಳೆ ಕಣ್ರೀ, ಬೆಳೆಯೋಕೆ ಬಿಡಿ.

ಬಾಕ್ಸರ್ ಮಗಳ ತಾಯಿ:
ಅಮ್ಮನ ಭಯವನ್ನು ತಳ್ಳಿಹಾಕಬೇಡಿ. ಹೆಡ್‌ಗಾರ್ಡ್ ಹುಬ್ಬು ಸೀಳೋದನ್ನು ತಡೆಯುತ್ತೆ, ತಲೆಯೊಳಗೆ ಆಗೋ ಪೆಟ್ಟನ್ನಲ್ಲ. ಸ್ಪಾರಿಂಗ್ (ಅಭ್ಯಾಸದ ಕಾದಾಟ) ಆದಮೇಲೆ ತಲೆನೋವು, ವಾಕರಿಕೆ, ಬೆಳಕು ನೋಡಕ್ಕಾಗದೆ ಇರೋದು ಕಂಡರೆ ಡಾಕ್ಟರ್ ಒಪ್ಪೋವರೆಗೂ ಗ್ಲೌಸ್ ಮುಟ್ಟಿಸಬೇಡಿ. ಮೌತ್‌ಗಾರ್ಡ್ ಹಲ್ಲಿನ ಡಾಕ್ಟರ್ ಹತ್ತಿರ ಅಳತೆ ಕೊಟ್ಟೇ ಮಾಡಿಸಿ. ಹುಡುಗಿಯರು ಕಮ್ಮಿ ಇರೋ ಕಡೆ ದಪ್ಪ ಹುಡುಗರ ಜೊತೆ ಸ್ಪಾರಿಂಗ್‌ಗೆ ಬಿಡ್ತಾರೆ. ಒಂದು ದಿನ ಹೋಗಿ ಕೂತು ನೋಡಿ. ಆ ಹುಡುಗ ತನ್ನ ಏಟಿನ ಬಲ ತಗ್ಗಿಸಿ ಆಡ್ತಾನಾ, ಆಡದಿದ್ದರೆ ಕೋಚ್ ತಕ್ಷಣ ನಿಲ್ಲಿಸ್ತಾರಾ? ನಾನು ಜಿಮ್ ಆರಿಸೋದು ಇದನ್ನು ನೋಡಿಯೇ.

ಕೋಚ್ ಒಬ್ಬರು:
19ಕ್ಕೆ ಎಲೀಟ್ ವಿಭಾಗ, ಅಂದರೆ ದೊಡ್ಡವರದು. ಅಲ್ಲಿ ಮೂವತ್ತು ದಾಟಿದ ಅನುಭವಿಗಳೂ ಎದುರು ಬರ್ತಾರೆ. ಯೂತ್‌ನಲ್ಲಿ ಗೆದ್ದ ಎಷ್ಟೋ ಮಕ್ಕಳು ಆ ಮೊದಲ ಸೋಲುಗಳಲ್ಲೇ ಬಿಟ್ಟುಬಿಡ್ತಾರೆ, ಅದಕ್ಕೆ ಈಗಲೇ ಮನಸ್ಸು ಸಿದ್ಧ ಮಾಡಿ. ಓದು ನಿಲ್ಲಿಸಬೇಡಿ. ಬೌಟ್‌ಗಳ ದಾಖಲೆ ಮತ್ತು ಮೆಡಿಕಲ್ ಚೀಟಿಗಳನ್ನು ಒಂದೇ ಫೈಲ್‌ನಲ್ಲಿಡಿ, ಕೋಚ್ ಬದಲಾದಾಗ ಬೇಕಾಗುತ್ತೆ. 54ರ ವಿಷಯಕ್ಕೆ ಮೇಲಿನವರ ಮಾತೇ ನನ್ನದೂ.