ವಿಂಡೋಸ್ ತೆಗೆಯದೆ ವರ್ಚುವಲ್ ಮೆಷಿನ್‌ನಲ್ಲಿ ಉಬುಂಟು: ಕಾಸರಗೋಡಿನ ಅಧ್ಯಾಪಕರ ಅನುಭವ

ಪೆರ್ಲದಿಂದ ಒಬ್ಬ ಅಧ್ಯಾಪಿಕೆ ಕೇಳಿದ್ದು:
ನಮ್ಮ ಕನ್ನಡ ಮಾಧ್ಯಮ ಹೈಸ್ಕೂಲಿನ ಐಟಿ ಲ್ಯಾಬಿನಲ್ಲಿರುವುದು ಕೇರಳದ ಶಾಲೆಗಳ ಆಪರೇಟಿಂಗ್ ಸಿಸ್ಟಮ್ ಆದ, ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್. ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದಲ್ಲಿರುವುದರಿಂದ ವಿಂಡೋಸನ್ನು ತೆಗೆಯುವಂತಿಲ್ಲ. ಪಾಠದ ತಯಾರಿಗೆಂದು ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತಿರುವ ವರ್ಚುವಲ್ ಮೆಷಿನನ್ನು ಓಡಿಸುವ ತಂತ್ರಾಂಶ) ಉಬುಂಟು 22.04 ಹಾಕಹೊರಟರೆ ಪಟ್ಟಿಯಲ್ಲಿ 32-ಬಿಟ್ ಆಯ್ಕೆಗಳು ಮಾತ್ರ ಕಾಣಿಸುತ್ತವೆ, ಬೇಕಾದ 64-ಬಿಟ್ ಇಲ್ಲ. ರ‍್ಯಾಮ್ 8 ಜಿಬಿ ಇದೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬದಿಯಡ್ಕದಿಂದ:
ಟೀಚರ್, ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಕಂಪ್ಯೂಟರಿನ ಮೂಲ ಸೆಟ್ಟಿಂಗು) ಆಫ್ ಆಗಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಒತ್ತಿದರೆ ವರ್ಚುವಲೈಸೇಶನ್ ಎನೇಬಲ್ಡೋ ಡಿಸೇಬಲ್ಡೋ ಎಂಬುದು ಅಲ್ಲೇ ತಿಳಿಯುತ್ತದೆ. ಡಿಸೇಬಲ್ಡ್ ಎಂದಿದ್ದರೆ ಬಯೋಸ್‌ಗೆ ಹೋಗಿ, ಇಂಟೆಲ್ ಪ್ರೊಸೆಸರಾದರೆ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿಯಾದರೆ ಎಸ್‌ವಿಎಂ ಮೋಡ್ ಎಂಬುದನ್ನು ಆನ್ ಮಾಡಿರಿ. ಇದು ಸರಿಯಾಗುವ ತನಕ ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ವರ್ಚುವಲ್‌ಬಾಕ್ಸ್ 7ರಲ್ಲಿ ಐಎಸ್‌ಒ ಕಡತವನ್ನು (ಉಬುಂಟುವಿನ ಇನ್‌ಸ್ಟಾಲ್ ಕಡತ) ತೋರಿಸಿದ ಕೂಡಲೇ ಅದು ತಾನಾಗಿಯೇ ಇನ್‌ಸ್ಟಾಲ್ ಮಾಡಲು ಮುಂದಾಗುತ್ತದೆ. ಸುಲಭವೆಂದು ಅದಕ್ಕೇ ಬಿಟ್ಟರೆ ‘ವಿಬಾಕ್ಸ್‌ಯೂಸರ್’ ಎಂಬ ಬಳಕೆದಾರನಷ್ಟೇ ಸಿದ್ಧವಾಗುತ್ತಾನೆ. ಆತನಿಗೆ ಸುಡೋ (ಅಡ್ಮಿನ್) ಅಧಿಕಾರ ಇರುವುದಿಲ್ಲ, ಎಷ್ಟೋ ಸಲ ಆದೇಶಗಳನ್ನು ಟೈಪಿಸುವ ಟರ್ಮಿನಲ್ ಕೂಡ ತೆರೆಯುವುದಿಲ್ಲ. ಆದ್ದರಿಂದ ತಾನಾಗಿ ಆಗುವ ಇನ್‌ಸ್ಟಾಲನ್ನು (‘ಅನ್‌ಅಟೆಂಡೆಡ್ ಇನ್‌ಸ್ಟಾಲೇಶನ್’) ಬೇಡವೆಂದು ಆರಿಸಿ, ಹೆಸರು, ಪಾಸ್‌ವರ್ಡ್, ಭಾಷೆಗಳನ್ನು ನೀವೇ ತುಂಬಿರಿ. ಮಧ್ಯದಲ್ಲಿ ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಬಂದಾಗ ಗಾಬರಿಯಾಗಬೇಕಿಲ್ಲ: ಉಬುಂಟುವಿಗೆ ಅಲ್ಲಿ ಕಾಣಿಸುವುದು ನೀವು ಕೊಟ್ಟ ವರ್ಚುವಲ್ ಡಿಸ್ಕ್ ಮಾತ್ರವಾದ್ದರಿಂದ ನಿಮ್ಮ ವಿಂಡೋಸಿಗೂ ಪ್ರಶ್ನೆಪತ್ರಿಕೆಗಳಿಗೂ ಏನೂ ಆಗುವುದಿಲ್ಲ. ಡಿಸ್ಕಿಗೆ 25 ಜಿಬಿ, ರ‍್ಯಾಮ್ 4096 ಎಂಬಿ, ಎರಡು ಪ್ರೊಸೆಸರ್ ಕೊಟ್ಟರೆ ಸಾಕು. ಗೆಸ್ಟಿಗೆ, ಅಂದರೆ ಒಳಗೆ ಓಡುವ ಉಬುಂಟುವಿಗೆ, ಅರ್ಧಕ್ಕಿಂತ ಹೆಚ್ಚು ರ‍್ಯಾಮ್ ಕೊಟ್ಟರೆ ವಿಂಡೋಸೇ ತತ್ತರಿಸುತ್ತದೆ.

ಮಂಜೇಶ್ವರದಿಂದ:
ಬಯೋಸ್ ಸರಿಯಿದ್ದೂ ಇನ್‌ಸ್ಟಾಲ್ ಅರ್ಧದಲ್ಲಿ ನಿಲ್ಲುವುದುಂಟು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬಂದು ಆಗುವಾಗ ಡೌನ್‌ಲೋಡ್ ತುಂಡಾಗಿ, ಕಡತ ಪೂರ್ತಿಯಾಗಿರುವಂತೆ ಕಂಡರೂ ಕೆಟ್ಟಿರುತ್ತದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ ಬಳಸಿ ಕಡತದ ಎಸ್‌ಎಚ್‌ಎ256 ಮೊತ್ತವನ್ನು (ಕಡತ ಕೆಟ್ಟಿದೆಯೇ ಎಂದು ತಿಳಿಸುವ ಸಂಕೇತ) ತೆಗೆದು, ಉಬುಂಟುವಿನ ಜಾಲತಾಣದಲ್ಲಿ ಕೊಟ್ಟಿರುವುದರೊಂದಿಗೆ ಹೋಲಿಸಿ ನೋಡಿರಿ. ಸಹೋದ್ಯೋಗಿಗಳಿಂದ ಪೆನ್‌ಡ್ರೈವಿನಲ್ಲಿ ತರುವುದಾದರೆ ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು, ಏಕೆಂದರೆ 22.04.5ರ ಕಡತವು 4 ಜಿಬಿಯನ್ನು ಮೀರುತ್ತದೆ ಮತ್ತು ಫ್ಯಾಟ್32 ಅಷ್ಟು ದೊಡ್ಡ ಕಡತವನ್ನು ಸೇರಿಸಿಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಮುಳ್ಳೇರಿಯದಿಂದ:
ಪರದೆ ಪುಟ್ಟದಾಗಿಯೇ ಉಳಿದರೆ ವರ್ಚುವಲ್‌ಬಾಕ್ಸ್‌ನ ಪೂರಕ ತಂತ್ರಾಂಶವಾದ ಗೆಸ್ಟ್ ಅಡಿಷನ್ಸ್ ಹಾಕಬೇಕು. ಅದಕ್ಕೆ ಮೊದಲು ಉಬುಂಟುವಿನೊಳಗೆ ಜಿಸಿಸಿ, ಮೇಕ್, ಪರ್ಲ್ ಪ್ಯಾಕೇಜುಗಳು ಇರಬೇಕು. ಕನ್ನಡ ಟೈಪಿಂಗಿಗೆ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ವಿನ್ಯಾಸವನ್ನು ಆರಿಸಿಕೊಂಡರೆ ನುಡಿಯಲ್ಲಿ ಪಳಗಿದ ಕೈ ತಡವರಿಸುವುದಿಲ್ಲ. ಆದರೆ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಕಡತಗಳು ಅಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಿಸುತ್ತವೆ. ಅವನ್ನು ವಿಂಡೋಸಿನಲ್ಲಿಯೇ ಯೂನಿಕೋಡಿಗೆ ಪರಿವರ್ತಿಸಿ, ಶೇರ್ಡ್ ಫೋಲ್ಡರ್ ಮೂಲಕ ಒಳಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಆ ಫೋಲ್ಡರ್ ತೆರೆಯದಿದ್ದರೆ ನಿಮ್ಮ ಬಳಕೆದಾರ ಹೆಸರನ್ನು ವಿಬಾಕ್ಸ್‌ಎಸ್‌ಎಫ್ (vboxsf) ಎಂಬ ಬಳಕೆದಾರರ ಗುಂಪಿಗೆ ಸೇರಿಸಿ ಮೆಷಿನನ್ನು ರೀಸ್ಟಾರ್ಟ್ ಮಾಡಿರಿ.

ಪೆರ್ಲದ ಅಧ್ಯಾಪಿಕೆ:
ಎಲ್ಲರಿಗೂ ಧನ್ಯವಾದಗಳು. ಬಯೋಸ್‌ನಲ್ಲಿ ಆನ್ ಮಾಡಿದೆ, 64-ಬಿಟ್ ಬಂತು, ಉಬುಂಟುವೂ ಸೇರಿತು. ಆದರೆ ತುಂಬ ನಿಧಾನ; ಕೆಳಗಿನ ಮೂಲೆಯಲ್ಲಿ ಹಸಿರು ಆಮೆಯ ಚಿತ್ರವೊಂದು ಕಾಣಿಸುತ್ತಿದೆ.

ಬದಿಯಡ್ಕದಿಂದ:
ಟೀಚರ್, ವಿಂಡೋಸಿನದೇ ವರ್ಚುವಲ್ ಮೆಷಿನ್ ವ್ಯವಸ್ಥೆಯಾದ ಹೈಪರ್-ವಿ ಚಾಲನೆಯಲ್ಲಿದ್ದು, ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಕೆಲಸ ಮಾಡಬೇಕಾಗಿ ಬಂದಾಗ ಆ ಆಮೆ ಕಾಣಿಸಿಕೊಳ್ಳುತ್ತದೆ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ ಮತ್ತು ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್ ಎರಡರ ಗುರುತನ್ನೂ ತೆಗೆದು ರೀಸ್ಟಾರ್ಟ್ ಮಾಡಿ ನೋಡಿರಿ. ಆಮೆ ಆಗಲೂ ಉಳಿದರೆ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಕೋರ್ ಐಸೊಲೇಶನ್‌ನ ಮೆಮರಿ ಇಂಟೆಗ್ರಿಟಿ ಕಾರಣವಾಗಿರಬಹುದು. ಆದರೆ ಅದು ಲ್ಯಾಪ್‌ಟಾಪಿನ ಭದ್ರತೆಗಾಗಿ ಇರುವಂಥದ್ದು. ಪಾಠದ ತಯಾರಿಗೆ ಈಗಿನ ವೇಗ ಸಾಕಾಗುವುದಾದರೆ ಅದನ್ನು ಆಫ್ ಮಾಡದಿರುವುದೇ ಲೇಸು.