ಎರಡು ಇಂಚು ಲಿಫ್ಟ್ ಆದ ಮೇಲೆ ಸ್ವೇ ಬಾರ್ ಲಿಂಕ್ ಬದಲಿಸಬೇಕಾ?

ತೊಗರಿ ಥಾರ್ (ಕಲಬುರಗಿ): ನನ್ನ ಥಾರ್ ಗಾಡಿಗೆ ಎರಡು ಇಂಚು ಲಿಫ್ಟ್ ಹಾಕಿಸಿದ್ದೇನೆ, ಅಂದ್ರೆ ಬಾಡಿ ಎತ್ತರಿಸಿದ್ದೇನೆ. ಸ್ವೇ ಬಾರ್ (ತಿರುವಲ್ಲಿ ಗಾಡಿ ವಾಲದಂಗೆ ತಡೆಯೋ ಸರಳು) ತುದಿಯನ್ನ ಗಾಲಿ ಕಡೆಗೆ ಜೋಡಿಸೋ ಲಿಂಕ್ ಮಾತ್ರ ಹಳೆಯವೇ. ಹಂಪ್ ಹತ್ತಿದರೆ ಮುಂದೆ ಟಕ್ ಟಕ್ ಅಂತದೆ. ಉದ್ದದ ಲಿಂಕ್ ಹಾಕಿಸಲಾ, ಬೇಕಾದಾಗ ಬಿಚ್ಚಿಡೋ ಕ್ವಿಕ್ ಡಿಸ್ಕನೆಕ್ಟ್ ತಗೊಳ್ಳಲಾ?

ಪಾನಾ ಕಾಕಾ: ಉದ್ದದ್ದೇ ಹಾಕಿಸಿರಿ. ಬಾಡಿ ಮೇಲೆ ಹೋಯ್ತು, ಗಾಲಿ ಅಲ್ಲೇ ಉಳೀತು, ಗಿಡ್ಡ ಲಿಂಕ್ ಬಾರಿನ ತುದಿಯನ್ನು ಕೆಳಗೆ ಎಳೆದು ಹಿಡಿದಿದೆ. ಹಾಗೇ ಲಿಂಕಿನ ತುದೀಲಿರೋ ಬಾಲ್ ಜಾಯಿಂಟಿನ (ಗುಂಡು ಕೀಲಿನ) ರಬ್ಬರ್ ಬೂಟ್ ಹರಿದಿದೆಯಾ ನೋಡಿ. ಸದ್ದು ಅಲ್ಲಿಂದಲೇ ಇರಬಹುದು.

ಬೀದರ್ ಜಿಮ್ನಿ: ಹಾಕಿಸೋದ್ಯಾಕೆ? ನಾನು ಬಿಚ್ಚಿಟ್ಟೇ ಓಡಿಸುತ್ತೇನೆ. ಚಿಂಚೋಳಿ ಕಡೆ ಎಂಥ ತಗ್ಗು ಬಂದರೂ ನಾಲ್ಕೂ ಗಾಲಿ ನೆಲ ಬಿಡಲ್ಲ.

ಯಾದಗಿರಿ ಹುಡುಗ: ಚಿಂಚೋಳಿನಾ? ಅದು 2011ರಿಂದ ವನ್ಯಜೀವಿ ಧಾಮ ರೀ. ಒಳಗೆ ಬಿಟ್ಟವರು ಯಾರು?

ಬೀದರ್ ಜಿಮ್ನಿ: "ಕಡೆ" ಅಂದಿದ್ದೇನೆ. ಕಾಡೊಳಗೆ ಅಂದೆನಾ? ಸರಿಯಾಗಿ ಓದು ತಮ್ಮಾ.

ಯಾದಗಿರಿ ಹುಡುಗ: ತಮ್ಮಾ ಗಿಮ್ಮಾ ಬೇಡ. ಚಂದ್ರಂಪಳ್ಳಿ ಡ್ಯಾಂ ಹತ್ತಿರದ ಫೋಟೊ ಹಾಕಿದ್ದು ನೀವೇ ಅಲ್ವಾ?

ಬೀದರ್ ಜಿಮ್ನಿ: ಡ್ಯಾಂ ನೋಡೋಕೆ ಮಕ್ಕಳು ಮರಿ ಕಟ್ಟಿಕೊಂಡು ಎಲ್ಲರೂ ಹೋಗುತ್ತಾರೆ. ಅದು ಡಾಂಬರ್ ರೋಡು!

ಯಾದಗಿರಿ ಹುಡುಗ: ಡಾಂಬರ್ ರೋಡಿಗೆ ಲಿಂಕ್ ಬಿಚ್ಚಿದ್ಯಾಕೆ ಮತ್ತೆ? 😂

ಬೀದರ್ ಜಿಮ್ನಿ: ಮನೇಲಿ ಸ್ಕೂಟಿ ಇಟ್ಟುಕೊಂಡು ಇಲ್ಲಿ ಸಸ್ಪೆನ್ಷನ್ ಪಾಠ ಹೇಳೋರಿಗೆ ಉತ್ತರ ಕೊಡಲ್ಲ.

ಪಾನಾ ಕಾಕಾ: ಧಾಮ ಅತ್ಲಾಗಿರಲಿ. ಬಿಚ್ಚಿಟ್ಟು ಹುಮನಾಬಾದ್ ರೋಡಲ್ಲಿ ಸ್ಪೀಡಾಗಿ ತಿರುಗಿಸಿದರೆ ಗಾಡಿ ಮೈಮೇಲೆ ಬಂದಂಗೆ ವಾಲುತ್ತದೆ. ಜಿಮ್ನಿಗೆ ಮುಂದೆಯೂ ಗಟ್ಟಿ ಆಕ್ಸಲ್ (ಎರಡೂ ಗಾಲಿ ಸೇರಿಸೋ ಒಂದೇ ದಂಡ), ತಗ್ಗಲ್ಲಿ ಬಿಚ್ಚಿದರೆ ಲಾಭ ಇದೆ. ಹೊಸ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್ (ಒಂದೊಂದು ಗಾಲಿಗೂ ಬೇರೆ ಬೇರೆ ತೋಳು), ಅಷ್ಟು ಸಿಗಲ್ಲ.

ಬೀದರ್ ಜಿಮ್ನಿ: ನೋಡಿ, "ಲಾಭ ಇದೆ" ಅಂತ ಕಾಕಾನೇ ಒಪ್ಪಿದರು.

ಎರೆ ಹೊಲ: ಮಳೆ ಬಿದ್ದ ಎರೆ ಮಣ್ಣಿಗೆ ಇಳಿಸಿ ನೋಡಿ. ಟ್ರೆಡ್ಡಿನ ತುಂಬ ಮೆತ್ತಿ ಟೈರು ಬೋಳಾಗುತ್ತದೆ. ಲಿಂಕ್ ಅಂತೆ ಲಿಂಕ್! ಟೈರಿಗೆ ದುಡ್ಡು ಹಾಕಿ, ಸುಮ್ನೆ.

ತೊಗರಿ ಥಾರ್: ಅಣ್ಣಾ, ನಾನು ಕೇಳಿದ್ದು ಟೈರ್ ಅಲ್ಲ. ಬೂಟ್ ನೋಡಿದೆ, ಎಡಗಡೆಯದು ಹರಿದಿದೆ. ನಟ್ ತಿರುಗಿಸಿದರೆ ಒಳಗಿನ ಪಿನ್ನೂ ಜೊತೆಗೇ ತಿರುಗ್ತಿದೆ.

ಪಾನಾ ಕಾಕಾ: ಪಿನ್ನಿನ ತುದೀಲಿ ಅಲೆನ್ ಕೀ ಕೂರೋ ತೂತು ಇದ್ದರೆ ಅದನ್ನ ಹಿಡಿದು ನಟ್ ಬಿಚ್ಚಿ. ಅಡ್ಜಸ್ಟ್ ಆಗೋ ಲಿಂಕ್ ತರಿಸಿ, ಸಮ ನೆಲದ ಮೇಲೆ ಗಾಡಿ ನಿಲ್ಲಿಸಿ ಉದ್ದ ಹೊಂದಿಸಿ. ಎರಡೂ ಕಡೆ ಬದಲಿಸಿ.

ಯಾದಗಿರಿ ಹುಡುಗ: ಸ್ಕೂಟಿ ಅಂದವರೇ, ಧಾಮದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.